ಹಳೆಯ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಸರಿಯಾದ ಹೊತ್ತಿಗೆ ಕಿಡಿ ತಾಗಿಸುವ ವ್ಯವಸ್ಥೆಯೇ ಇಗ್ನಿಷನ್. 1970ರ ದಶಕದವರೆಗೆ ತಯಾರಾದ ಬಹುಪಾಲು ಕಾರುಗಳಲ್ಲಿ ಆ ಹೊತ್ತನ್ನು ನಿರ್ಧರಿಸುತ್ತಿದ್ದದ್ದು, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಒಂದು ಜೊತೆ ಲೋಹದ ಪಾಯಿಂಟು. ಈ ಪಾಯಿಂಟನ್ನು ತೆಗೆದು ಅದರ ಕೆಲಸವನ್ನು ಟ್ರಾನ್ಸಿಸ್ಟರಿಗೆ ಒಪ್ಪಿಸುವುದು ಇಂದು ಹಳೆಯ ಕಾರುಗಳಿಗೆ ಮಾಡುವ ಅತಿ ಸಾಮಾನ್ಯ ಮಾರ್ಪಾಡುಗಳಲ್ಲಿ ಒಂದು. ಇದಕ್ಕೆ ಖರ್ಚು ಕಡಿಮೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ಹಾಕಿದ ಮೇಲೆ ಹೊರಗಿನಿಂದ ಗುರುತೂ ಸಿಗುವುದಿಲ್ಲ. ಬೇಡವೆನಿಸಿದರೆ ಮೊದಲಿನ ಪಾಯಿಂಟನ್ನೇ ಮತ್ತೆ ಕೂರಿಸಬಹುದು. ಆದರೆ ಇದರಿಂದ ಕಾರಿನ ಎಲ್ಲ ಕಾಯಿಲೆಯೂ ವಾಸಿಯಾಗುತ್ತದೆಂಬ ನಂಬಿಕೆ ತಪ್ಪು. ಬದಲಾಗುವುದು ಒಂದೇ ಒಂದು ಸ್ವಿಚ್ಚು. ಕಾಯಿಲ್, ಪ್ಲಗ್, ವೈರು, ಶಾಫ್ಟು ಎಲ್ಲವೂ ಹಳೆಯವೇ ಆಗಿ ಉಳಿಯುತ್ತವೆ.

ಈ ಲೇಖನ ಮುಖ್ಯವಾಗಿ ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ಬಿ-ಸೀರೀಸ್ ಎಂಜಿನ್ನನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದ 1798 ಸಿಸಿ ಎಂಜಿನ್ನೂ ನಮ್ಮ ಅಂಬಾಸಿಡರಿನಲ್ಲಿ ಬಹುಕಾಲ ಇದ್ದ 1489 ಸಿಸಿ ಎಂಜಿನ್ನೂ ಒಂದೇ ವಂಶದವು. ಎರಡರಲ್ಲೂ ಕಿಡಿ ಹಾರುವ ಕ್ರಮ 1-3-4-2. ಹಾಗಾಗಿ ಇಂಗ್ಲೆಂಡಿನ ಎಂ.ಜಿ. ಮಾಲೀಕರು ಐವತ್ತು ವರ್ಷಗಳಿಂದ ಕಲಿತದ್ದರಲ್ಲಿ ಹೆಚ್ಚಿನದು ಇಲ್ಲಿನ ಅಂಬಾಸಿಡರ್ ಮಾಲೀಕರಿಗೂ ಅನ್ವಯಿಸುತ್ತದೆ.

ಪಾಯಿಂಟಿಗೂ ಮುಂಚೆ

ಮೊದಲ ಕಾಲದ ಎಂಜಿನ್ನುಗಳಲ್ಲಿ ಕಿಡಿ ಒಂದು ದೊಡ್ಡ ತಲೆನೋವಾಗಿತ್ತು. ಡೈಮ್ಲರ್ ಮತ್ತು ಮೇಬಾಕ್ ಕಾಯಿಸಿದ ಕೊಳವೆಯಿಂದ ಮಿಶ್ರಣವನ್ನು ಉರಿಸುತ್ತಿದ್ದರು. ಕಾರ್ಲ್ ಬೆಂಜ್ ಬ್ಯಾಟರಿ ಮತ್ತು ಕಾಯಿಲನ್ನು ನೆಚ್ಚಿದ್ದ. ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ 1902ರಲ್ಲಿ ರೂಪಿಸಿದ ಹೈ ವೋಲ್ಟೇಜ್ ಮ್ಯಾಗ್ನೆಟೊ ಬ್ಯಾಟರಿಯ ಹಂಗನ್ನೇ ತಪ್ಪಿಸಿತು. ಆದರೆ ಮ್ಯಾಗ್ನೆಟೊ ದುಬಾರಿಯಾಗಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ, ಎಂದರೆ ಸ್ಟಾರ್ಟ್ ಮಾಡುವಾಗಲೇ, ಅದರ ಕಿಡಿ ಸೊರಗುತ್ತಿತ್ತು.

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಆತ ಸಂಗಡಿಗರೊಡನೆ ಕಟ್ಟಿದ ಪ್ರಯೋಗಶಾಲೆಯೇ ಮುಂದೆ ಡೆಲ್ಕೊ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆತನ ಬ್ಯಾಟರಿ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. 1912ರಲ್ಲಿ ಅದೇ ಕಾರಿಗೆ ಆತನದೇ ಎಲೆಕ್ಟ್ರಿಕ್ ಸ್ಟಾರ್ಟರೂ ಸೇರಿತು. ಬ್ಯಾಟರಿ, ಕಾಯಿಲ್, ಪಾಯಿಂಟು, ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಇವಿಷ್ಟರಿಂದ ಆದ ಈ ಏರ್ಪಾಡು ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಪಂಚದ ಬಹುಪಾಲು ಕಾರುಗಳನ್ನು ಓಡಿಸಿತು. ಇದನ್ನು ಹಳೆಯ ಕಾಲದ ಮೊದ್ದು ಯಂತ್ರವೆಂದು ತಳ್ಳಿಹಾಕುವುದು ಅನ್ಯಾಯ. ಅಷ್ಟು ಕಡಿಮೆ ಭಾಗಗಳಿಂದ ಅಷ್ಟು ಕರಾರುವಾಕ್ಕಾದ ಕೆಲಸ ತೆಗೆದ ಉದಾಹರಣೆಗಳು ಮೋಟಾರು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಕಿಡಿ ಹುಟ್ಟುವ ಬಗೆ

ಕಾಯಿಲಿನೊಳಗೆ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುತ್ತುಗಳಿರುತ್ತವೆ. ಪ್ರೈಮರಿಯಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತು. ಸೆಕೆಂಡರಿಯಲ್ಲಿ ಕೂದಲೆಳೆಯಂಥ ತಂತಿಯ ಇಪ್ಪತ್ತು ಸಾವಿರದಷ್ಟು ಸುತ್ತು. ಪಾಯಿಂಟು ಮುಚ್ಚಿರುವಾಗ ಬ್ಯಾಟರಿಯಿಂದ ಪ್ರೈಮರಿಗೆ ಕರೆಂಟು ಹರಿದು ತಿರುಳಿನಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಮೇಲಿನ ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣ ಕರೆಂಟು ಕಡಿಯುತ್ತದೆ, ಕಾಂತಕ್ಷೇತ್ರ ಕುಸಿಯುತ್ತದೆ. ರಭಸವಾಗಿ ನೀರು ಬರುತ್ತಿರುವ ನಲ್ಲಿಯನ್ನು ತಟ್ಟನೆ ನಿಲ್ಲಿಸಿದರೆ ಪೈಪು ದಡ್ಡೆಂದು ಅದುರುವಂತೆ, ಹರಿವು ಹಠಾತ್ತನೆ ನಿಂತಾಗ ಪ್ರೈಮರಿಯಲ್ಲೇ ಸುಮಾರು 300 ವೋಲ್ಟ್ ಏಳುತ್ತದೆ. ಸುತ್ತುಗಳ ಅನುಪಾತದಿಂದ ಅದು ಸೆಕೆಂಡರಿಯಲ್ಲಿ 20,000 ವೋಲ್ಟಿನ ಆಸುಪಾಸಿಗೆ ಏರಿ, ರೋಟರ್ ಮತ್ತು ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೂಲಕ ಸರದಿಯಲ್ಲಿರುವ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತದೆ.

ಇಲ್ಲಿ ಕಂಡೆನ್ಸರಿನ ಪಾತ್ರ ದೊಡ್ಡದು. ಅದಿಲ್ಲದಿದ್ದರೆ ಕಿಡಿ ಪ್ಲಗ್ಗಿನಲ್ಲಿ ಹುಟ್ಟುವ ಬದಲು ತೆರೆಯುತ್ತಿರುವ ಪಾಯಿಂಟುಗಳ ನಡುವೆಯೇ ಹಾರಿ, ಕರೆಂಟು ಕಡಿಯುವುದು ನಿಧಾನವಾಗುತ್ತದೆ. ಸುಮಾರು 0.2 ಮೈಕ್ರೊಫ್ಯಾರಡ್ ಅಳತೆಯ, ಹೆಬ್ಬೆರಳಿಗಿಂತ ಚಿಕ್ಕದಾದ ಆ ಡಬ್ಬಿ ಹಾಳಾದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಪಾಯಿಂಟು ಕಪ್ಪಗೆ ಸುಡುತ್ತದೆ. ಈಗ ಪೇಟೆಯಲ್ಲಿ ಸಿಗುವ ಹೊಸ ಕಂಡೆನ್ಸರುಗಳ ಗುಣಮಟ್ಟ ಏಕರೀತಿಯಾಗಿಲ್ಲ. ಪಾಯಿಂಟನ್ನೇ ಮೆಚ್ಚುವ ಎಷ್ಟೋ ಮಂದಿ ಕೊನೆಗೆ ಎಲೆಕ್ಟ್ರಾನಿಕ್ ಕಡೆಗೆ ಹೊರಳಲು ಈ ಒಂದು ಡಬ್ಬಿಯೇ ಕಾರಣವಾಗುತ್ತದೆ.

ಕಾಂತಕ್ಷೇತ್ರ ಬೆಳೆಯಲು ಸಮಯ ಬೇಕು ಎಂಬುದು ಮುಂದಿನ ಎಲ್ಲ ಚರ್ಚೆಗೂ ಬುನಾದಿ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಒಂದು ಸುತ್ತಿಗೆ ಎರಡು ಕಿಡಿ ಬೇಕು. 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ, ಎಂದರೆ ಒಂದು ಕಿಡಿಯಿಂದ ಇನ್ನೊಂದಕ್ಕೆ 5 ಮಿಲಿಸೆಕೆಂಡ್. ಅದರಲ್ಲಿ ಪಾಯಿಂಟು ಮುಚ್ಚಿರುವುದು ಮೂರನೆ ಎರಡು ಭಾಗ, ಸುಮಾರು 3.3 ಮಿಲಿಸೆಕೆಂಡ್ ಮಾತ್ರ. ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಈ ಅವಧಿ ಇನ್ನೂ ಅರ್ಧವಾಗುತ್ತದೆ. ಅಷ್ಟರಲ್ಲಿ ಕಾಯಿಲ್ ಪೂರ್ತಿ ತುಂಬದೆ, ವೇಗ ಹೆಚ್ಚಿದಂತೆ ಕಿಡಿ ಸಣ್ಣದಾಗುತ್ತದೆ. ಕರೆಂಟನ್ನು ಹೆಚ್ಚಿಸಿ ಇದನ್ನು ಸರಿಪಡಿಸೋಣವೆಂದರೆ ಪಾಯಿಂಟು ತಾಳುವುದು ನಾಲ್ಕೈದು ಆಂಪಿಯರ್ ಅಷ್ಟೆ. ಮೀರಿದರೆ ಬೇಗನೆ ಸುಟ್ಟುಹೋಗುತ್ತದೆ. ಅಮೆರಿಕದ ದೊಡ್ಡ ವಿ-8 ಎಂಜಿನ್ನುಗಳು ಎಲೆಕ್ಟ್ರಾನಿಕ್ಸಿಗೆ ಮೊದಲು ಹಾತೊರೆದದ್ದರ ಕಾರಣ ಇದರಲ್ಲಿದೆ. 4,000 ಆರ್‌ಪಿಎಂ ದಾಟುವುದೇ ಅಪರೂಪವಾದ ಅಂಬಾಸಿಡರಿಗೆ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿನ ತೊಂದರೆ ಬೇರೆಯದು.

ಸವೆತ ಮತ್ತು ಟೈಮಿಂಗ್

ಪಾಯಿಂಟಿನ ಚಲಿಸುವ ತೋಳಿಗೆ ಫೈಬರ್ ಅಥವಾ ನೈಲಾನಿನ ಒಂದು ಹಿಮ್ಮಡಿ ಇರುತ್ತದೆ. ಅದು ಕ್ಯಾಮಿಗೆ ಸದಾ ಉಜ್ಜುತ್ತಾ ಸವೆಯುತ್ತದೆ. ಹಿಮ್ಮಡಿ ಸವೆದಷ್ಟೂ ಪಾಯಿಂಟಿನ ಗ್ಯಾಪ್ ಕಿರಿದಾಗಿ, ಅದು ತೆರೆಯುವುದು ತಡವಾಗುತ್ತದೆ, ಕಿಡಿಯೂ ತಡವಾಗುತ್ತದೆ. ಎಂ.ಜಿ.ಬಿ.ಯಲ್ಲಿದ್ದ ಲ್ಯೂಕಸ್ 25ಡಿ4 ಡಿಸ್ಟ್ರಿಬ್ಯೂಟರಿಗೆ ಗೊತ್ತುಪಡಿಸಿದ ಗ್ಯಾಪ್ 0.35ರಿಂದ 0.40 ಮಿ.ಮೀ., ಡ್ವೆಲ್ ಕೋನ, ಎಂದರೆ ಪಾಯಿಂಟು ಮುಚ್ಚಿರುವಷ್ಟು ಹೊತ್ತು ಶಾಫ್ಟು ತಿರುಗುವ ಕೋನ, 60 ಡಿಗ್ರಿ, ಮೂರು ಡಿಗ್ರಿ ಹೆಚ್ಚು ಕಡಿಮೆ. ಫೀಲರ್ ಗೇಜಿನಿಂದ ಇದನ್ನು ಹೊಂದಿಸುವುದು ಕಷ್ಟವಲ್ಲ. ಆದರೆ ಒಂದು ಪಾಯಿಂಟಿನಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಎದ್ದ ಮೇಲೆ ಗೇಜು ಗುಬುಟಿನ ತಲೆಯನ್ನು ಅಳೆಯುತ್ತದೆಯೇ ಹೊರತು ನಿಜವಾದ ಗ್ಯಾಪನ್ನಲ್ಲ. ಆಗ ಡ್ವೆಲ್ ಮೀಟರೇ ಬೇಕು.

ಟೈಮಿಂಗಿನ ಮಹತ್ವ ತಿಳಿಯಲು ಒಂದು ಲೆಕ್ಕ ಸಾಕು. 1,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 6 ಡಿಗ್ರಿ ತಿರುಗಿದರೆ 4,000ದಲ್ಲಿ 24 ಡಿಗ್ರಿ ತಿರುಗುತ್ತದೆ. ಮಿಶ್ರಣ ಉರಿಯಲು ಬೇಕಾದ ಸಮಯ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ವೇಗ ಏರಿದಂತೆ ಕಿಡಿಯನ್ನು ಬೇಗ ಕೊಡಬೇಕು; ಇದೇ ಅಡ್ವಾನ್ಸ್. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿರುವ ಎರಡು ತೂಕದ ಬಿಲ್ಲೆಗಳು ಮತ್ತು ಸ್ಪ್ರಿಂಗುಗಳು ವೇಗಕ್ಕೆ ತಕ್ಕಂತೆ ಈ ಕೆಲಸ ಮಾಡುತ್ತವೆ; ಪಕ್ಕದ ವ್ಯಾಕ್ಯೂಮ್ ಡಬ್ಬಿ ಎಂಜಿನ್ನಿನ ಭಾರಕ್ಕೆ ತಕ್ಕಂತೆ ಮಾಡುತ್ತದೆ. ಮುಂದೆ ಹೇಳಲಿರುವ ಸಾದಾ ಕಿಟ್‌ಗಳು ಈ ಎರಡನ್ನೂ ಮುಟ್ಟುವುದಿಲ್ಲ. ಜಿಡ್ಡು ಒಣಗಿ ಬಿಲ್ಲೆಗಳು ಅಂಟಿಕೊಂಡಿದ್ದರೆ, ವ್ಯಾಕ್ಯೂಮ್ ಡಬ್ಬಿಯ ಡಯಾಫ್ರಂ ಹರಿದಿದ್ದರೆ, ಎಷ್ಟೇ ಬೆಲೆಯ ಕಿಟ್ ಹಾಕಿದರೂ ಪಿಕಪ್ ಬರುವುದಿಲ್ಲ.

ಶಾಫ್ಟಿನ ಬುಷ್ ಸವೆದಿರುವುದು ಇನ್ನೊಂದು ದೊಡ್ಡ ದೋಷ. ಶಾಫ್ಟು ಅಲುಗಾಡಿದರೆ ಪಾಯಿಂಟಿನ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದು ರೀತಿಯಾಗಿ ಕಿಡಿಯ ಹೊತ್ತು ಚದುರುತ್ತದೆ. ಅಲುಗಾಟಕ್ಕೆ ಪಾಯಿಂಟಿನಷ್ಟು ಸೂಕ್ಷ್ಮವಲ್ಲದ, ಕಿಟ್‌ಗಳಲ್ಲಿನ ಕಾಂತ ಸಂವೇದಕಗಳು ಈ ಚದುರುವಿಕೆಯನ್ನು ಕಡಿಮೆ ಮಾಡುತ್ತವೆ, ಆದರೆ ಇಲ್ಲವಾಗಿಸುವುದಿಲ್ಲ. ಹಾಗಾಗಿ ಬುಷ್ ಸವೆದ ಡಿಸ್ಟ್ರಿಬ್ಯೂಟರಿಗೆ ಕಿಟ್ ಹಾಕುವುದು ಹಣವನ್ನು ತಪ್ಪು ಜಾಗದಲ್ಲಿ ಸುರಿದಂತೆ. ಮೊದಲು ಲೇತ್ ಕೆಲಸದವರ ಬಳಿ ಬುಷ್ ಮಾಡಿಸಬೇಕು.

ಕಾರ್ಖಾನೆಗಳು ಪಾಯಿಂಟನ್ನು ಕೈಬಿಟ್ಟದ್ದು

ಟ್ರಾನ್ಸಿಸ್ಟರ್ 1947ರಲ್ಲಿ ಹುಟ್ಟಿದರೂ ಎಂಜಿನ್ನಿನ ಬಿಸಿಯನ್ನೂ ಕಾಯಿಲಿನ ಹೊಡೆತವನ್ನೂ ತಾಳುವಂಥದು ಬರಲು ವರ್ಷಗಳೇ ಹಿಡಿದವು. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಡೆಲ್ಕೊ-ರೆಮಿ ಪಾಂಟಿಯಾಕ್ ಕಾರುಗಳಿಗೆ ಪಾಯಿಂಟಿಲ್ಲದ ಟ್ರಾನ್ಸಿಸ್ಟರ್ ಇಗ್ನಿಷನ್ ಒದಗಿಸಿತು. ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಆ ದಶಕದ ಕೊನೆಯ ಭಾಗದಲ್ಲಿ ಫಿಯಟ್ ಡಿನೊ ಕಾರಿಗೆ ಡಿನೊಪ್ಲೆಕ್ಸ್ ಎಂಬ ವ್ಯವಸ್ಥೆ ಕೊಟ್ಟಿತು. ಬ್ರಿಟನ್ನಿನ ಲ್ಯೂಕಸ್ ತನ್ನ ಓಪಸ್ ವ್ಯವಸ್ಥೆಯನ್ನು ರೇಸ್ ಕಾರುಗಳಲ್ಲಿ ಪಳಗಿಸಿ 1971ರಲ್ಲಿ ಜಾಗ್ವಾರ್ ಇ-ಟೈಪಿನ ಹನ್ನೆರಡು ಸಿಲಿಂಡರ್ ಎಂಜಿನ್ನಿಗೆ ತಂದಿತು.

ಆದರೆ ಪಾಯಿಂಟಿನ ಕಾಲ ಮುಗಿಸಿದ್ದು ವೇಗದ ಹಂಬಲವಲ್ಲ, ಹೊಗೆಯ ಕಾನೂನು. ಅಮೆರಿಕದ 1970ರ ಶುದ್ಧ ಗಾಳಿ ಕಾಯಿದೆ ಕಾರಿನ ಹೊಗೆ 50,000 ಮೈಲಿಗಳವರೆಗೆ ಮಿತಿಯೊಳಗಿರಬೇಕೆಂದು ಕೇಳಿತು. ಸುಮಾರು ಹತ್ತು ಸಾವಿರ ಮೈಲಿಗೆ ಸವೆಯುವ ಪಾಯಿಂಟನ್ನು ನಂಬಿ ಯಾವ ಕಂಪನಿಯೂ ಆ ಮಾತು ಕೊಡುವಂತಿರಲಿಲ್ಲ. 1975ರಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂದ ಮೇಲಂತೂ ಒಂದು ಸಿಲಿಂಡರ್ ಮಿಸ್ ಹೊಡೆದರೂ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಪಗೆ ಕಾಯಿಸುವ ಅಪಾಯವಿತ್ತು. ಕ್ರೈಸ್ಲರ್ 1973ರಲ್ಲಿ ಅಮೆರಿಕದ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತು. ಜನರಲ್ ಮೋಟಾರ್ಸಿನ ಎಚ್.ಇ.ಐ. ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ 1975ರ ಹೊತ್ತಿಗೆ ಅದರ ಕಾರುಗಳಲ್ಲೆಲ್ಲ ಬಂತು. ಎಚ್.ಇ.ಐ. ಎಷ್ಟು ಬಲವಾಗಿತ್ತೆಂದರೆ ಮೊದಲಲ್ಲಿ ಪ್ಲಗ್ ಗ್ಯಾಪನ್ನು ಸುಮಾರು 1.5 ಮಿ.ಮೀ.ವರೆಗೂ ಇಡಲು ಹೇಳಿದ್ದರು. ಎಂ.ಜಿ.ಬಿ.ಯಂಥ ಪಾಯಿಂಟು ಕಾರುಗಳಲ್ಲಿ ಅದು 0.6 ಮಿ.ಮೀ. ಆಸುಪಾಸು. ಆ ಗ್ಯಾಪಿನ ಹೊರೆಯನ್ನು ಮುಚ್ಚಳ, ರೋಟರ್, ವೈರುಗಳು ತಾಳಲಾರದೆ ಹೋದಾಗ ಮುಂದೆ ಅದನ್ನು ತಗ್ಗಿಸಬೇಕಾಯಿತು.

ಲ್ಯೂಕಸ್ ಕಂಪನಿಯ ಅನುಭವ ಇದಕ್ಕಿಂತ ಕಹಿ. 1975ರ ಸುಮಾರಿಗೆ ಅಮೆರಿಕಕ್ಕೆ ಹೋದ ಎಂ.ಜಿ.ಬಿ.ಗಳಲ್ಲಿ 45ಡಿಇ4 ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಇತ್ತು. ಅದರ ಆಂಪ್ಲಿಫೈಯರ್ ಡಿಸ್ಟ್ರಿಬ್ಯೂಟರಿಗೇ ಅಂಟಿಕೊಂಡು ಎಂಜಿನ್ನಿನ ಬಿಸಿಗೆ ಬೇಯುತ್ತಿತ್ತು. ಅದು ಕೈಕೊಡುವುದು ಎಷ್ಟು ಸಾಮಾನ್ಯವಾಯಿತೆಂದರೆ ಎಷ್ಟೋ ಮಾಲೀಕರು ಹಳೆಯ ಪಾಯಿಂಟ್ ಡಿಸ್ಟ್ರಿಬ್ಯೂಟರನ್ನೇ ಹುಡುಕಿ ಹಾಕಿಸಿದರು. ಎಲೆಕ್ಟ್ರಾನಿಕ್ಸಿನ ಮೊದಲ ಶತ್ರು ಬಿಸಿ ಎಂಬ ಪಾಠವನ್ನು ಇಂದಿನ ಅಗ್ಗದ ಕಿಟ್‌ಗಳು ಇನ್ನೂ ಪೂರ್ತಿ ಕಲಿತಿಲ್ಲ.

ಭಾರತದಲ್ಲಿ ಈ ಬದಲಾವಣೆ ತಡವಾಗಿ ಬಂತು. 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅಲ್ಲಿಯವರೆಗೆ ರಸ್ತೆಗಿಳಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಬಹುಪಾಲು ಪಾಯಿಂಟಿನ ಕಾರುಗಳೇ. ಚೆನ್ನೈನ ಪಾಡಿಯಲ್ಲಿ 1960ರ ದಶಕದಲ್ಲಿ ಆರಂಭವಾದ ಲ್ಯೂಕಸ್-ಟಿವಿಎಸ್ ಈ ದೇಶದ ವಾಹನಗಳಿಗೆ ಎಲೆಕ್ಟ್ರಿಕ್ ಸಾಮಾನುಗಳನ್ನು ಒದಗಿಸಿತು. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಉದ್ದಗಲಕ್ಕೂ ಹೋದವು. ಅಂದು ಪಾಯಿಂಟು ಉಜ್ಜಿ ಗ್ಯಾಪ್ ಇಡುವುದು ಪ್ರತಿ ಮೆಕ್ಯಾನಿಕ್ ಹುಡುಗ ಕಲಿಯುತ್ತಿದ್ದ ಮೊದಮೊದಲ ಕೆಲಸಗಳಲ್ಲೊಂದು. ಈಗ ಆ ಕೈಚಳಕ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಪರಿವರ್ತನೆಗೆ ಇದೂ ಒಂದು ನಿಜವಾದ ಕಾರಣ.

ಪರಿವರ್ತನೆಯ ಬಗೆಗಳು

1960 ಮತ್ತು 70ರ ದಶಕಗಳಲ್ಲಿ ಬಂದ ಮೊದಲ ಕಿಟ್‌ಗಳು ಪಾಯಿಂಟನ್ನು ಉಳಿಸಿಕೊಂಡೇ ಅದರ ಹೊರೆ ಇಳಿಸುತ್ತಿದ್ದವು. ಪಾಯಿಂಟಿನ ಮೂಲಕ ಅತಿ ಕಡಿಮೆ ಕರೆಂಟು ಹರಿದು ಟ್ರಾನ್ಸಿಸ್ಟರಿಗೆ ಸೂಚನೆ ಕೊಡುತ್ತದೆ. ಕಾಯಿಲಿನ ಪೂರ್ತಿ ಕರೆಂಟನ್ನು ಟ್ರಾನ್ಸಿಸ್ಟರ್ ಕಡಿಯುತ್ತದೆ. ಪಾಯಿಂಟು ಸುಡುವುದಿಲ್ಲ, ಆದರೆ ಹಿಮ್ಮಡಿ ಸವೆಯುವುದು ನಿಲ್ಲುವುದಿಲ್ಲ. ಇದರಲ್ಲಿ ಒಂದು ಅನುಕೂಲವಿದೆ: ಪೆಟ್ಟಿಗೆ ಕೆಟ್ಟರೆ ಎರಡು ವೈರು ಬದಲಿಸಿ ಹಳೆಯ ರೀತಿಯಲ್ಲೇ ಮನೆ ಸೇರಬಹುದು.

ಇಂದು ಹೆಚ್ಚು ಬಳಕೆಯಲ್ಲಿರುವುದು ಡಿಸ್ಟ್ರಿಬ್ಯೂಟರಿನೊಳಗೇ ಕೂರುವ ಮಾಡ್ಯೂಲ್. ಅಮೆರಿಕದ ಪರ್ಟ್ರಾನಿಕ್ಸ್ ಇದನ್ನು ಜನಪ್ರಿಯಗೊಳಿಸಿತು. ಬ್ರಿಟನ್ನಿನಲ್ಲಿ ಆಕ್ಯುಸ್ಪಾರ್ಕ್, ಪವರ್‌ಸ್ಪಾರ್ಕ್ ಮೊದಲಾದವು ಇದೇ ದಾರಿಯವು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಇದರ ಮೂಲ: ಕರೆಂಟು ಹರಿಯುತ್ತಿರುವ ವಾಹಕದ ಬಳಿ ಆಯಸ್ಕಾಂತ ಬಂದಾಗ ಅದರ ಅಡ್ಡಕ್ಕೆ ಸಣ್ಣ ವೋಲ್ಟೇಜು ಮೂಡುತ್ತದೆ. ರೋಟರಿನ ಕೆಳಗೆ ಕ್ಯಾಮಿಗೆ ತೊಡಿಸಿದ ಪ್ಲಾಸ್ಟಿಕ್ ಬಳೆಯಲ್ಲಿ, ನಾಲ್ಕು ಸಿಲಿಂಡರಿಗೆ ನಾಲ್ಕು ಪುಟ್ಟ ಆಯಸ್ಕಾಂತಗಳಿರುತ್ತವೆ. ಅವು ಸಂವೇದಕದ ಎದುರು ಹಾದುಹೋದಂತೆ ಟ್ರಾನ್ಸಿಸ್ಟರ್ ಕಾಯಿಲಿನ ಕರೆಂಟನ್ನು ಕಡಿಯುತ್ತದೆ. ಒಂದಕ್ಕೊಂದು ತಾಗುವ ಭಾಗವಿಲ್ಲದ್ದರಿಂದ ಸವೆತವೂ ಇಲ್ಲ.

ಬ್ರಿಟನ್ನಿನ ಲ್ಯುಮೆನಿಷನ್ ಬೆಳಕಿನ ದಾರಿ ಹಿಡಿಯಿತು. ಅದರಲ್ಲಿ ಇನ್‌ಫ್ರಾರೆಡ್ ಕಿರಣವನ್ನು ತಿರುಗುವ ರೆಕ್ಕೆಯೊಂದು ಕತ್ತರಿಸುತ್ತದೆ. ಬಿಸಿಯಾಗುವ ಪವರ್ ಪೆಟ್ಟಿಗೆ ಹೊರಗೆ ಗಾಳಿಯಾಡುವ ಕಡೆ ಇರುತ್ತದೆ. ಕಾಣುವುದಕ್ಕೆ ಸ್ವಲ್ಪ ಗೋಜಲಾದರೂ ಬಾಳಿಕೆಯ ದೃಷ್ಟಿಯಿಂದ ಇದು ಒಳ್ಳೆಯ ವಿನ್ಯಾಸ.

ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸುವುದು ಮತ್ತೊಂದು ಮಾರ್ಗ. ನೆದರ್ಲೆಂಡ್ಸಿನ 123ಇಗ್ನಿಷನ್ ಇದರಲ್ಲಿ ಹೆಸರುವಾಸಿ. ಹೊರಗಿನ ಆಕಾರ ಹಳೆಯದರಂತೆಯೇ ಇದ್ದರೂ ಒಳಗೆ ಬಿಲ್ಲೆ, ಸ್ಪ್ರಿಂಗುಗಳ ಜಾಗದಲ್ಲಿ ಮೈಕ್ರೊಪ್ರೊಸೆಸರ್ ಇದೆ. ಒಂದು ಮಾದರಿಯಲ್ಲಿ ಮೊದಲೇ ಅಳವಡಿಸಿದ ಅಡ್ವಾನ್ಸ್ ರೇಖೆಗಳಿಂದ ಒಂದನ್ನು ಆರಿಸಬಹುದು. ಇನ್ನೊಂದರಲ್ಲಿ ಮೊಬೈಲ್ ಫೋನಿನಿಂದಲೇ ರೇಖೆ ಬರೆಯಬಹುದು. ಬುಷ್ ಸವೆದು, ಸ್ಪ್ರಿಂಗ್ ಜೋತುಬಿದ್ದ ಹಳೆಯ ಡಿಸ್ಟ್ರಿಬ್ಯೂಟರ್ ಇರುವವರಿಗೆ ಇದು ದುಬಾರಿಯಾದರೂ ಸಂಪೂರ್ಣ ಪರಿಹಾರ. ಕಾರು ಹೊಸದಾಗಿದ್ದಾಗ ಸಿಗುತ್ತಿದ್ದ ಪೆಟ್ರೋಲೂ ಇಂದಿನ ಎಥನಾಲ್ ಬೆರೆತ ಪೆಟ್ರೋಲೂ ಒಂದೇ ಅಲ್ಲವಾದ್ದರಿಂದ, ಅಡ್ವಾನ್ಸನ್ನು ಬೇಕಾದಂತೆ ತಿದ್ದುವ ಈ ಸೌಲಭ್ಯ ಅಲಂಕಾರಕ್ಕಲ್ಲ.

ಕೆಪಾಸಿಟರ್ ಡಿಸ್ಚಾರ್ಜ್ ಎಂಬ ಸಿ.ಡಿ.ಐ. ವಿಧಾನದಲ್ಲಿ ಶಕ್ತಿ ಸಂಗ್ರಹವಾಗುವುದು ಕಾಯಿಲಿನಲ್ಲಲ್ಲ, ಸುಮಾರು 400 ವೋಲ್ಟಿಗೆ ತುಂಬಿದ ಕೆಪಾಸಿಟರಿನಲ್ಲಿ. ಅದರ ಕಿಡಿ ಅತಿ ವೇಗವಾಗಿ ಏರುವುದರಿಂದ ಎಣ್ಣೆ ಹಿಡಿದ ಪ್ಲಗ್ಗಿನಲ್ಲೂ ಹಾರುತ್ತದೆ, ಆದರೆ ಬಹಳ ಹೊತ್ತು ಇರುವುದಿಲ್ಲ. ಹೆಚ್ಚು ತಿರುಗುವ ಎಂಜಿನ್ನಿಗೂ ರೇಸಿಗೂ ಅದು ಒಪ್ಪುತ್ತದೆ. ಕ್ರ್ಯಾಂಕಿಗೆ ಹಲ್ಲಿನ ಚಕ್ರ ಕೂರಿಸಿ ಡಿಸ್ಟ್ರಿಬ್ಯೂಟರನ್ನೇ ತೆಗೆದುಹಾಕುವ ವಿಧಾನವೂ ಇದೆ. ಅದು ಹಳೆಯ ಕಾರಿನ ಸ್ವರೂಪವನ್ನೇ ಬದಲಿಸುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಅಳವಡಿಕೆ

ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಸೇರಿದೆ ಎಂದು ನೋಡಬೇಕು. 1960ರ ದಶಕದ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇತ್ತು, ಎಂ.ಜಿ.ಬಿ. 1967ರ ಕೊನೆಯಲ್ಲಿ ನೆಗೆಟಿವ್ ಅರ್ಥಿಗೆ ಬದಲಾಯಿತು. ಪಾಯಿಂಟಿಗೆ ಪಾಸಿಟಿವ್ ನೆಗೆಟಿವ್ ಭೇದವಿಲ್ಲ. ಮಾಡ್ಯೂಲಿಗೆ ಇದೆ, ತಪ್ಪಾಗಿ ಜೋಡಿಸಿದರೆ ಕೀ ತಿರುಗಿಸಿದ ಕ್ಷಣದಲ್ಲೇ ಅದು ಸುಡುತ್ತದೆ. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ ಕಾರುಗಳಲ್ಲಿ ಅರ್ಥ್ ಬದಲಾಗಿರುವ ಸಾಧ್ಯತೆಯಿದೆ. ಪುಸ್ತಕ ನಂಬದೆ ಕಾರನ್ನೇ ನೋಡಬೇಕು.

ಎರಡನೆಯದು ಕಾಯಿಲ್. ಹೆಚ್ಚಿನ ಪರಿವರ್ತನೆಗಳು ಸೋಲುವುದು ಇಲ್ಲಿ. ಮಲ್ಟಿಮೀಟರಿನಿಂದ ಪ್ರೈಮರಿಯ ರೆಸಿಸ್ಟೆನ್ಸ್ ಅಳೆದರೆ ಸಾದಾ 12 ವೋಲ್ಟ್ ಕಾಯಿಲಿನಲ್ಲಿ ಸುಮಾರು 3 ಓಮ್ ಬರುತ್ತದೆ. ಬ್ಯಾಲಸ್ಟ್ ಇರುವ ಕಾರಿನ ಕಾಯಿಲಿನಲ್ಲಿ ಸುಮಾರು 1.5 ಓಮ್ ಇದ್ದು, ಉಳಿದ 1.5 ಓಮ್ ಬ್ಯಾಲಸ್ಟ್ ರೆಸಿಸ್ಟರಿನಲ್ಲಿ ಅಥವಾ ವೈರಿಂಗಿನೊಳಗೇ ಅಡಗಿದ ರೆಸಿಸ್ಟೆನ್ಸ್ ತಂತಿಯಲ್ಲಿರುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 9-10 ವೋಲ್ಟಿಗೆ ಇಳಿಯುತ್ತದಲ್ಲ, ಆಗ ಬ್ಯಾಲಸ್ಟನ್ನು ಬದಿಗಿಟ್ಟು ಕಾಯಿಲಿಗೆ ಪೂರ್ತಿ ವೋಲ್ಟೇಜು ಕೊಡುವುದು ಈ ಏರ್ಪಾಡಿನ ಜಾಣತನ. ಓಡುವ ಕಾರಿನಲ್ಲಿ 14 ವೋಲ್ಟ್ ಇದ್ದರೆ 3 ಓಮಿನ ಕಾಯಿಲ್ ಹೆಚ್ಚೆಂದರೆ 4.7 ಆಂಪಿಯರ್ ಎಳೆಯುತ್ತದೆ, ಬ್ಯಾಲಸ್ಟಿಲ್ಲದ 1.5 ಓಮಿನ ಕಾಯಿಲ್ 9 ಆಂಪಿಯರ್ ದಾಟುತ್ತದೆ. ನಾಲ್ಕು ಸಿಲಿಂಡರಿನ ಕಾರಿಗೆಂದು ಮಾಡಿದ ಸಾದಾ ಮಾಡ್ಯೂಲ್ ಅದನ್ನು ತಾಳುವುದಿಲ್ಲ. ಬಲವಾದ ಕಿಡಿಯ ಆಸೆಗೆ 'ಸ್ಪೋರ್ಟ್ಸ್' ಹೆಸರಿನ ಕಡಿಮೆ ಓಮಿನ ಕಾಯಿಲ್ ಕೊಂಡು ಮಾಡ್ಯೂಲ್ ಸುಟ್ಟುಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಕಿಟ್ಟಿನ ಸೂಚನೆಯಲ್ಲಿ ಹೇಳಿದ ಓಮಿಗಿಂತ ಕಡಿಮೆಯ ಕಾಯಿಲ್ ಹಾಕಲೇಬಾರದು.

ಮಾಡ್ಯೂಲಿಗೆ ಬರುವ ಕೆಂಪು ವೈರು ಇಗ್ನಿಷನ್ ಸ್ವಿಚ್ಚಿನಿಂದ ಪೂರ್ತಿ 12 ವೋಲ್ಟ್ ಪಡೆಯಬೇಕು. ಬ್ಯಾಲಸ್ಟ್ ಇರುವ ಕಾರಿನಲ್ಲಿ ಅದನ್ನು ಬ್ಯಾಲಸ್ಟಿಗೂ ಮುಂಚಿನ ಕಡೆಯಿಂದ ತೆಗೆದುಕೊಳ್ಳುವುದು ಕ್ರಮ. ಕಪ್ಪು ವೈರು ನೆಗೆಟಿವ್ ಅರ್ಥ್ ಕಾರುಗಳಲ್ಲಿ ಕಾಯಿಲಿನ ನೆಗೆಟಿವ್ ಟರ್ಮಿನಲಿಗೆ. ಎರಡೇ ವೈರಿನ ಮಾಡ್ಯೂಲ್ ತನ್ನ ಅರ್ಥನ್ನು ಡಿಸ್ಟ್ರಿಬ್ಯೂಟರಿನ ಬೇಸ್ ಪ್ಲೇಟಿನಿಂದ ಪಡೆಯುತ್ತದೆ. ಲ್ಯೂಕಸ್ ಡಿಸ್ಟ್ರಿಬ್ಯೂಟರಿನಲ್ಲಿ ಪ್ಲೇಟಿನಿಂದ ಬಾಡಿಗೆ ಹೋಗುವ ಒಂದು ಮೆತ್ತನೆಯ ಸಣ್ಣ ವೈರಿದೆ. ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗಲೆಲ್ಲ ಅದು ಬಾಗುತ್ತದೆ, ವರ್ಷಗಳ ಮೇಲೆ ಒಳಗೊಳಗೇ ತುಂಡಾಗುತ್ತದೆ. ಕಾರು ನಿಂತಾಗ ಸರಿಯಾಗಿದ್ದು ಓಡುವಾಗ ಕಡಿಯುವ ಕಿಡಿಗೆ ಹಲವು ಬಾರಿ ಈ ವೈರೇ ಕಾರಣ, ದೂರು ಮಾತ್ರ ಮಾಡ್ಯೂಲಿನ ಮೇಲೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ದಪ್ಪ ಅರ್ಥ್ ಪಟ್ಟಿಯನ್ನೂ ಬಿಚ್ಚಿ, ತುಕ್ಕು ಕೆರೆದು ಬಿಗಿಯಬೇಕು.

ಪ್ಲಗ್ಗುಗಳಿಗೆ ಹೈ ವೋಲ್ಟೇಜ್ ಒಯ್ಯುವ ಎಚ್.ಟಿ. ವೈರುಗಳು ಬರೀ ತಾಮ್ರದ ತಂತಿಯವಾಗಿದ್ದರೆ ಅವುಗಳಿಂದ ಹೊಮ್ಮುವ ರೇಡಿಯೊ ಗದ್ದಲ ಕೆಲವು ಮಾಡ್ಯೂಲುಗಳನ್ನು ದಾರಿ ತಪ್ಪಿಸುತ್ತದೆ. ಕಾರ್ಬನ್ ತಿರುಳಿನ ವೈರು ಅಥವಾ ರೆಸಿಸ್ಟರ್ ಇರುವ ಪ್ಲಗ್ ಹಾಕಬೇಕು. ರೋಟರಿನ ಆಯ್ಕೆಗೂ ಗಮನ ಕೊಡಬೇಕು: ಅಗ್ಗದ ರೋಟರುಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿದಿರುವ ರಿವೆಟ್ ಶಾಫ್ಟಿಗೆ ತೀರ ಹತ್ತಿರವಿದ್ದು, ಕಿಡಿ ಪ್ಲಾಸ್ಟಿಕನ್ನು ಸೀಳಿ ಶಾಫ್ಟಿಗೇ ಹಾರುತ್ತದೆ. ಕಿಡಿ ಬಲವಾದಷ್ಟೂ ಈ ಭಯ ಹೆಚ್ಚು. ಮುಚ್ಚಳದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಮಲೆನಾಡಿನ ಜುಲೈ ತಿಂಗಳ ತೇವದಲ್ಲಿ ಎಲೆಕ್ಟ್ರಾನಿಕ್ ಕಾರೂ ಪಾಯಿಂಟಿನ ಕಾರಿನಷ್ಟೇ ಸ್ಟಾರ್ಟಿಂಗ್ ಟ್ರಬಲ್ ಕೊಡುತ್ತದೆ.

ಆರ್‌ಪಿಎಂ ಮೀಟರ್ ಇರುವ ಕಾರುಗಳಲ್ಲಿ ಇನ್ನೊಂದು ತೊಡಕಿದೆ. 1960ರ ದಶಕದ ಕೆಲವು ಸ್ಮಿತ್ಸ್ ಮೀಟರುಗಳು ಕಾಯಿಲಿಗೆ ಹೋಗುವ ಕರೆಂಟಿನ ಮಿಡಿತವನ್ನು ಎಣಿಸುತ್ತವೆ; ನಂತರದವು ಕಾಯಿಲಿನ ವೋಲ್ಟೇಜನ್ನು ನೋಡುತ್ತವೆ. ಮೊದಲ ಬಗೆಯವು ಸಿ.ಡಿ.ಐ. ಜೊತೆ ಸರಿಹೊಂದದೆ ಮುಳ್ಳು ಕುಣಿಯಬಹುದು ಅಥವಾ ಏಳದೇ ಇರಬಹುದು.

ಎಲ್ಲ ಮುಗಿದ ಮೇಲೆ ಟೈಮಿಂಗ್ ಹೊಸದಾಗಿ ಹೊಂದಿಸಲೇಬೇಕು. ಆಯಸ್ಕಾಂತದ ಬಳೆ ಕರೆಂಟನ್ನು ಕಡಿಯುವ ಕ್ಷಣ ಪಾಯಿಂಟು ತೆರೆಯುತ್ತಿದ್ದ ಕ್ಷಣವೇ ಆಗಿರುವುದಿಲ್ಲ. ಬಲ್ಬ್ ಹಿಡಿದು, ಎಂಜಿನ್ ನಿಲ್ಲಿಸಿ ಟೈಮಿಂಗ್ ಇಡುವ ಹಳೆಯ ಅಭ್ಯಾಸವನ್ನು ಇಲ್ಲಿ ನೆಚ್ಚಬಾರದು. ಎಂಜಿನ್ ಓಡುತ್ತಿರುವಾಗ ವ್ಯಾಕ್ಯೂಮ್ ಪೈಪ್ ಬಿಚ್ಚಿ, ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟಿನಿಂದ ನೋಡಬೇಕು. 25ಡಿ4ರ ಪಕ್ಕದ ಸಣ್ಣ ಗುಂಡಿ ತಿರುಗಿಸಿ ಇದನ್ನು ನವಿರಾಗಿ ತಿದ್ದಬಹುದು. ಅದರ ನಂತರ ಬಂದ 45ಡಿ4ರಲ್ಲಿ ಆ ಅನುಕೂಲವನ್ನು ತೆಗೆದುಬಿಟ್ಟರು. ಬಳಿಕ ರಸ್ತೆಗೆ ಒಯ್ದು, ಭಾರ ಹಾಕಿ ದಿಣ್ಣೆ ಹತ್ತಿಸಿದಾಗ ನಾಕಿಂಗ್ ಕೇಳಿದರೆ ಕಿಡಿಯನ್ನು ಒಂದೆರಡು ಡಿಗ್ರಿ ತಡ ಮಾಡಬೇಕು.

ಸಿಗುವುದೇನು, ಹೋಗುವುದೇನು

ಕಿಟ್ ಮಾರುವವರು ಹೆಚ್ಚಿನ ಶಕ್ತಿ ಮತ್ತು ಮೈಲೇಜಿನ ಮಾತಾಡುತ್ತಾರೆ. ಪಾಯಿಂಟು ಹೊಸದಾಗಿ, ಟೈಮಿಂಗ್ ಸರಿಯಾಗಿ ಇರುವ ಕಾರಿನಲ್ಲಿ ಅಂಥ ವ್ಯತ್ಯಾಸ ಕಾಣುವುದು ವಿರಳ. ಇದರಿಂದ ನಿಜವಾಗಿ ಸಿಗುವುದು ಸ್ಥಿರತೆ. ಇಂದು ಇಟ್ಟ ಟೈಮಿಂಗ್ ಹತ್ತು ಸಾವಿರ ಕಿಲೊಮೀಟರ್ ಆದ ಮೇಲೂ ಹಾಗೆಯೇ ಇರುತ್ತದೆ. ಐಡ್ಲಿಂಗ್ ನಯವಾಗುತ್ತದೆ, ತಣ್ಣಗಿರುವಾಗ ಸ್ಟಾರ್ಟ್ ಆಗುವುದು ಸುಲಭವಾಗುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಪಾಯಿಂಟಿಗೆ ಮಂಕು ಹಿಡಿದು ಕಿಡಿ ಬಾರದಿರುವ ಕಾಟ ತಪ್ಪುತ್ತದೆ.

ಕಳೆದುಕೊಳ್ಳುವುದೂ ಇದೆ. ಪಾಯಿಂಟು ಕೆಡುವುದು ನಿಧಾನವಾಗಿ. ಮಿಸ್ಸಿಂಗ್ ಶುರುವಾಗಿ ಎಚ್ಚರಿಸುತ್ತದೆ, ರಸ್ತೆ ಬದಿಯಲ್ಲಿ ಎಮರಿ ಪೇಪರಿನಿಂದ ಉಜ್ಜಿ ಮುಂದಕ್ಕೆ ಹೋಗಬಹುದು. ಮಾಡ್ಯೂಲ್ ಕೆಡುವುದು ಬಹುಮಟ್ಟಿಗೆ ಒಮ್ಮೆಲೇ, ರಿಪೇರಿಗೆ ಅವಕಾಶವಿಲ್ಲ. ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಮಾಡಿ ರೇಡಿಯೊ ಕೇಳುತ್ತಾ ಕೂತರೆ ಸಾದಾ ಮಾಡ್ಯೂಲುಗಳಲ್ಲಿ ಕರೆಂಟು ನಿರಂತರ ಹರಿದು ಕಾಯಿಲೂ ಮಾಡ್ಯೂಲೂ ಬೇಯಬಹುದು. ಬ್ಯಾಟರಿ ತಿರುವುಮುರುವು ಜೋಡಿಸುವುದು, ಬ್ಯಾಟರಿ ಬಿಚ್ಚದೆ ಬಾಡಿಗೆ ವೆಲ್ಡಿಂಗ್ ಮಾಡಿಸುವುದು, ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರುವುದು ಇವೆಲ್ಲ ಅದಕ್ಕೆ ಮಾರಕ. 6 ವೋಲ್ಟಿನ ಕಾರುಗಳಲ್ಲಿ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಇಳಿದು ಮಾಡ್ಯೂಲ್ ಎಚ್ಚರಗೊಳ್ಳದೇ ಇರಬಹುದು. ಅಂಥ ಕಾರುಗಳಲ್ಲಿ ಪಾಯಿಂಟನ್ನೇ ಚೆನ್ನಾಗಿಟ್ಟುಕೊಳ್ಳುವುದು ಲೇಸು.

ಮೂಲರೂಪದ ಪ್ರಶ್ನೆ

ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಲ್ಲಿ ಹುಟ್ಟಿತು. ಅದು ಒಪ್ಪಿಕೊಂಡ ಟ್ಯೂರಿನ್ ಸನ್ನದು ಹಳೆಯ ವಾಹನವನ್ನು ಚಾರಿತ್ರಿಕ ದಾಖಲೆಯೆಂದು ಕಾಣುತ್ತದೆ. ಬಳಕೆಗೆ ಅನಿವಾರ್ಯವಾದ ಬದಲಾವಣೆ ಆದಷ್ಟು ಕಡಿಮೆಯಿರಬೇಕು, ಹಿಂದಕ್ಕೆ ತರುವಂತಿರಬೇಕು ಎಂಬುದು ಅದರ ಧೋರಣೆ. ಭಾರತದಲ್ಲಿ 2021ರ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಮೂಲರೂಪದಲ್ಲಿದ್ದರೆ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿಲ್ಲದಿದ್ದರೆ, ವಿಂಟೇಜ್ ಎಂದು 'ವಿಎ' ಸರಣಿಯ ನೋಂದಣಿ ಪಡೆಯಬಹುದು. ಈ ದೃಷ್ಟಿಯಿಂದ ಡಿಸ್ಟ್ರಿಬ್ಯೂಟರಿನೊಳಗೆ ಕೂರುವ, ಒಂದು ರಂಧ್ರವನ್ನೂ ಕೊರೆಯದ ಮಾಡ್ಯೂಲ್ ಅತ್ಯಂತ ಸೌಮ್ಯವಾದ ಮಾರ್ಪಾಡು.

ಧರ್ಮಸ್ಥಳದ ಮಂಜೂಷಾ ಸಂಗ್ರಹದಂಥ ಕಡೆ ನೋಟಕ್ಕೆಂದು ನಿಲ್ಲಿಸಿದ ಕಾರಿಗೆ ಈ ಬದಲಾವಣೆಯ ಅಗತ್ಯವೇ ಇಲ್ಲ; ಅಲ್ಲಿ ಪಾಯಿಂಟು, ಕಂಡೆನ್ಸರುಗಳೂ ಕಾಪಾಡಬೇಕಾದ ವಸ್ತುಗಳೇ. ವಾರಕ್ಕೊಮ್ಮೆಯಾದರೂ ರಸ್ತೆಗಿಳಿಯುವ 12 ವೋಲ್ಟಿನ ಕಾರಿಗೆ, ಶಾಫ್ಟು ಅಲುಗಾಡದ ಮೂಲ ಡಿಸ್ಟ್ರಿಬ್ಯೂಟರ್, 3 ಓಮಿನ ಸಾದಾ ಕಾಯಿಲ್, ಹೆಸರಾಂತ ಕಂಪನಿಯ ಒಂದು ಹಾಲ್ ಮಾಡ್ಯೂಲ್ ಇಷ್ಟು ಸಾಕು. ತೆಗೆದ ಪಾಯಿಂಟು ಮತ್ತು ಕಂಡೆನ್ಸರನ್ನು ಗ್ಯಾಪ್ ಹೊಂದಿಸಿದ ಒಂದು ಬಿಡಿ ಬೇಸ್ ಪ್ಲೇಟಿನ ಮೇಲೆ ಕೂರಿಸಿ, ಒಂದು ಸ್ಕ್ರೂಡ್ರೈವರ್ ಮತ್ತು ಫೀಲರ್ ಗೇಜಿನೊಂದಿಗೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಯಾವ ಕಾಯಿಲ್, ಯಾವ ಮಾಡ್ಯೂಲ್, ಎಷ್ಟು ಡಿಗ್ರಿ ಟೈಮಿಂಗ್ ಎಂಬುದನ್ನು ಕಾರಿನ ಕಾಗದಪತ್ರಗಳ ಜೊತೆ ಬರೆದಿಡಿ. ಮುಂದೆ ಆ ಕಾರನ್ನು ಬಿಚ್ಚುವ ಮೆಕ್ಯಾನಿಕ್ಕಿಗೆ ಅದು ಬೇಕಾಗುತ್ತದೆ.